ಅಮೇರಿಕದ ಅಂತರ್ಯುದ್ಧ

ಅಮೇರಿಕದ ಅಂತರ್ಯುದ್ಧವು 1861ರಿಂದ 1865ರವರೆಗೆ ಅಮೇರಿಕ ಸಂಯುಕ್ತ ಸಂಸ್ಥಾನದ ಒಕ್ಕೂಟ ಸರ್ಕಾರಕ್ಕೂ ಒಕ್ಕೂಟದಿಂದ ಬೇರ್ಪಟ್ಟ ದಕ್ಷಿಣದ 11 ರಾಜ್ಯಗಳಿಗೂ ನಡುವೆ ನಡೆದ ಯುದ್ಧ. ಗುಲಾಮ ಪದ್ಧತಿಯ ಕುರಿತಾದ ವಿವಾದವೇ ಇದರ ಮೂಲ ಕಾರಣ. ದೇಶದ ಏಕತೆಯನ್ನು ಉಳಿಸಲೆಂದು ಆರಂಭವಾದ ಹೋರಾಟವು ಮುಂದೆ ಗುಲಾಮಗಿರಿಯನ್ನು ಕೊನೆಗಾಣಿಸುವ ಹೋರಾಟವೂ ಆಯಿತು. ಯುದ್ಧದಲ್ಲಿ ಸುಮಾರು 6,20,000 ಸೈನಿಕರು ಮಡಿದರೆಂಬುದು ದೀರ್ಘಕಾಲ ಬಳಕೆಯಲ್ಲಿದ್ದ ಅಂದಾಜು. ಇತ್ತೀಚಿನ ಅಧ್ಯಯನವೊಂದು ಈ ಸಂಖ್ಯೆಯನ್ನು ಸುಮಾರು 7,50,000 ಎಂದು ಲೆಕ್ಕ ಹಾಕಿದೆ. ಸತ್ತವರಲ್ಲಿ ಹೆಚ್ಚಿನವರು ರೋಗಗಳಿಗೆ ಬಲಿಯಾದವರು.

ಹಿನ್ನೆಲೆ

1860ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ಹತ್ತಿ ಬೇಸಾಯವು ಅವರ ದುಡಿಮೆಯನ್ನೇ ಅವಲಂಬಿಸಿತ್ತು. ಪಶ್ಚಿಮದ ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹರಡಬಾರದೆಂಬ ನಿಲುವಿನ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ 1860ರ ನವೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಇದನ್ನು ಒಪ್ಪದ ದಕ್ಷಿಣ ಕೆರೊಲಿನಾ ಡಿಸೆಂಬರ್ 20ರಂದು ಒಕ್ಕೂಟವನ್ನು ತೊರೆಯಿತು. ಅದನ್ನು ಅನುಸರಿಸಿದ ಇತರ ರಾಜ್ಯಗಳೊಡನೆ ಸೇರಿ 1861ರ ಫೆಬ್ರವರಿಯಲ್ಲಿ 'ಕಾನ್ಫೆಡರೇಟ್ ರಾಜ್ಯಗಳು' ಎಂಬ ಪ್ರತ್ಯೇಕ ಸರ್ಕಾರವನ್ನು ರಚಿಸಿತು. ಜೆಫರ್ಸನ್ ಡೇವಿಸ್ ಅದರ ಅಧ್ಯಕ್ಷರಾದರು.

ಯುದ್ಧದ ಆರಂಭ

1861ರ ಏಪ್ರಿಲ್ 12ರಂದು ಕಾನ್ಫೆಡರೇಟ್ ಪಡೆಗಳು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಫಿರಂಗಿ ದಾಳಿ ನಡೆಸಿದವು. ಲಿಂಕನ್ 75,000 ಸ್ವಯಂಸೈನಿಕರಿಗೆ ಕರೆ ನೀಡಿದರು. ಇದರ ಬೆನ್ನಲ್ಲೇ ವರ್ಜೀನಿಯಾ ಸೇರಿದಂತೆ ಇನ್ನೂ ನಾಲ್ಕು ರಾಜ್ಯಗಳು ಕಾನ್ಫೆಡರೇಟ್ ಪಕ್ಷವನ್ನು ಸೇರಿದವು. ಆದರೆ ಗುಲಾಮ ಪದ್ಧತಿಯಿದ್ದರೂ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್ ಮತ್ತು ಡೆಲವೇರ್ ಒಕ್ಕೂಟದಲ್ಲೇ ಉಳಿದವು. ಈ ಗಡಿ ರಾಜ್ಯಗಳು ಕೈತಪ್ಪಬಾರದೆಂಬ ಕಾರಣದಿಂದ ಲಿಂಕನ್ ಆರಂಭದಲ್ಲಿ ಗುಲಾಮಗಿರಿಯ ರದ್ದತಿಯನ್ನು ಯುದ್ಧದ ಗುರಿಯೆಂದು ಸಾರಲಿಲ್ಲ.

ಜುಲೈ 21ರಂದು ವರ್ಜೀನಿಯಾದ ಬುಲ್ ರನ್‌ನಲ್ಲಿ ಒಕ್ಕೂಟದ ಸೇನೆ ಸೋತು ಹಿಂದಿರುಗಿತು. ಯುದ್ಧವು ಬೇಗನೆ ಮುಗಿಯುವುದೆಂಬ ಉತ್ತರದವರ ನಂಬಿಕೆ ಅಲ್ಲಿಗೆ ಕುಸಿಯಿತು. ಈ ನಡುವೆ ಗುಲಾಮರು ತಾವಾಗಿಯೇ ತಪ್ಪಿಸಿಕೊಂಡು ಒಕ್ಕೂಟದ ಸೇನಾ ಶಿಬಿರಗಳಿಗೆ ಬರತೊಡಗಿದ್ದರು. 1861ರ ಮೇ ತಿಂಗಳಲ್ಲಿ ಮನ್ರೋ ಕೋಟೆಯ ಸೇನಾಧಿಕಾರಿ ಬೆಂಜಮಿನ್ ಬಟ್ಲರ್ ಅಂಥವರನ್ನು ಒಡೆಯರಿಗೆ ಹಿಂದಿರುಗಿಸಲು ನಿರಾಕರಿಸಿದರು. ಹೀಗೆ ಸರ್ಕಾರವು ತೀರ್ಮಾನಿಸುವ ಮೊದಲೇ ಗುಲಾಮಗಿರಿಯ ಪ್ರಶ್ನೆಯು ಯುದ್ಧಭೂಮಿಯಲ್ಲಿ ಎದುರಾಯಿತು.

ಆಂಟೀಟಮ್ ಮತ್ತು ವಿಮೋಚನಾ ಘೋಷಣೆ

1862ರ ಬೇಸಿಗೆಯಲ್ಲಿ ಲಿಂಕನ್ ವಿಮೋಚನಾ ಘೋಷಣೆಯ ಕರಡನ್ನು ಸಿದ್ಧಪಡಿಸಿದ್ದರು. ಸೋಲುಗಳ ನಡುವೆ ಅದನ್ನು ಪ್ರಕಟಿಸಿದರೆ ಹತಾಶೆಯ ಕ್ರಮದಂತೆ ಕಂಡೀತೆಂದು ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್ ಎಚ್ಚರಿಸಿದ್ದರಿಂದ, ಗೆಲುವೊಂದು ದೊರೆಯುವವರೆಗೆ ಕಾಯಲಾಯಿತು. ಸೆಪ್ಟೆಂಬರ್ 17ರಂದು ಮೇರಿಲ್ಯಾಂಡಿನ ಆಂಟೀಟಮ್ ಹೊಳೆಯ ಬಳಿ ರಾಬರ್ಟ್ ಇ. ಲೀ ನೇತೃತ್ವದ ಕಾನ್ಫೆಡರೇಟ್ ಸೇನೆಯನ್ನು ಒಕ್ಕೂಟದ ಸೇನೆ ತಡೆಯಿತು. ಒಂದೇ ದಿನದಲ್ಲಿ ಎರಡೂ ಕಡೆ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಸ್ಪಷ್ಟ ಜಯವಲ್ಲದಿದ್ದರೂ ಲೀ ಹಿಂದೆ ಸರಿದದ್ದು ಲಿಂಕನ್‌ಗೆ ಸಾಕಾಯಿತು. ಐದು ದಿನಗಳ ನಂತರ ಪ್ರಾಥಮಿಕ ಘೋಷಣೆ ಹೊರಬಿತ್ತು.

1863ರ ಜನವರಿ 1ರಂದು ಜಾರಿಗೆ ಬಂದ ಅಂತಿಮ ಘೋಷಣೆಯು ದಂಗೆಯೆದ್ದ ಪ್ರದೇಶಗಳ ಗುಲಾಮರನ್ನು ಸ್ವತಂತ್ರರೆಂದು ಸಾರಿತು. ಗಡಿ ರಾಜ್ಯಗಳಿಗೆ ಅದು ಅನ್ವಯಿಸಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ದಕ್ಷಿಣಕ್ಕೆ ಮಾನ್ಯತೆ ನೀಡುವುದು ಇದರಿಂದ ಕಷ್ಟವಾಯಿತು. ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳಲು ಘೋಷಣೆ ಅವಕಾಶ ನೀಡಿತು. ಯುದ್ಧದ ಕೊನೆಯ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಭೂಸೇನೆಯಲ್ಲಿ ಸೇವೆ ಸಲ್ಲಿಸಿದ್ದರು.

ಗೆಟ್ಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್

ಉತ್ತರದ ನೆಲದಲ್ಲೇ ಗೆದ್ದರೆ ಅಲ್ಲಿನ ಜನರು ಶಾಂತಿಗಾಗಿ ಒತ್ತಾಯಿಸುವರೆಂಬ ನಿರೀಕ್ಷೆಯಿಂದ ಲೀ 1863ರಲ್ಲಿ ಪೆನ್ಸಿಲ್ವೇನಿಯಾವನ್ನು ಪ್ರವೇಶಿಸಿದರು. ಜುಲೈ 1ರಿಂದ 3ರವರೆಗೆ ಗೆಟ್ಟಿಸ್‌ಬರ್ಗ್‌ನಲ್ಲಿ ನಡೆದ ಕದನದಲ್ಲಿ ಜಾರ್ಜ್ ಮೀಡ್ ನೇತೃತ್ವದ ಸೇನೆ ಅವರನ್ನು ಸೋಲಿಸಿತು. ಎರಡೂ ಕಡೆಯ ಒಟ್ಟು ಸಾವು-ನೋವು ಸುಮಾರು 50,000. ಮರುದಿನವೇ ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್, 47 ದಿನಗಳ ಮುತ್ತಿಗೆಯ ನಂತರ ಯುಲಿಸಿಸ್ ಗ್ರಾಂಟ್‌ಗೆ ಶರಣಾಯಿತು. ಕೆಲವೇ ದಿನಗಳಲ್ಲಿ ಇಡೀ ನದಿಯು ಒಕ್ಕೂಟದ ವಶವಾಗಿ ಕಾನ್ಫೆಡರೇಟ್ ಪ್ರದೇಶವು ಇಬ್ಭಾಗವಾಯಿತು.

1864ರ ಚುನಾವಣೆ

1864ರಲ್ಲಿ ಗ್ರಾಂಟ್ ಒಕ್ಕೂಟದ ಎಲ್ಲ ಸೇನೆಗಳ ಮುಖ್ಯಸ್ಥರಾದರು. ವರ್ಜೀನಿಯಾದಲ್ಲಿ ನಡೆದ ಭೀಕರ ಕದನಗಳ ಸಾವು-ನೋವಿನಿಂದ ಉತ್ತರದ ಜನರು ಬೇಸತ್ತರು. ತಾವು ಮರುಆಯ್ಕೆಯಾಗಲಾರೆವೆಂದು ಭಾವಿಸಿದ ಲಿಂಕನ್ ಆಗಸ್ಟ್ 23ರಂದು ಹಾಗೆಂದು ಬರೆದ ಟಿಪ್ಪಣಿಯೊಂದನ್ನು ಮಡಚಿ, ಒಳಗೇನಿದೆಯೆಂದು ತಿಳಿಸದೆ ಸಂಪುಟದ ಸದಸ್ಯರ ಸಹಿ ಪಡೆದರು. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಪ್ರಣಾಳಿಕೆಯು ಯುದ್ಧವನ್ನು ನಿಲ್ಲಿಸಲು ಕರೆ ನೀಡಿತ್ತು. ಆದರೆ ಸೆಪ್ಟೆಂಬರ್ 2ರಂದು ವಿಲಿಯಂ ಶರ್ಮನ್ ಅಟ್ಲಾಂಟಾವನ್ನು ವಶಪಡಿಸಿಕೊಂಡ ಸುದ್ದಿಯು ಜನಾಭಿಪ್ರಾಯವನ್ನು ಬದಲಿಸಿತು. ನವೆಂಬರ್‌ನಲ್ಲಿ ಲಿಂಕನ್ 212 ಚುನಾಯಕ ಮತಗಳನ್ನು ಪಡೆದು ಗೆದ್ದರು. ಜಾರ್ಜ್ ಮೆಕ್‌ಕ್ಲೆಲನ್ ಪಡೆದದ್ದು 21. ಸಂಧಾನದ ಮೂಲಕ ಪ್ರತ್ಯೇಕ ದೇಶವಾಗಿ ಉಳಿಯುವ ದಕ್ಷಿಣದ ಆಸೆಯು ಇದರೊಂದಿಗೆ ಬಹುಮಟ್ಟಿಗೆ ಕೊನೆಗೊಂಡಿತು.

ಅಂತ್ಯ ಮತ್ತು ಪರಿಣಾಮಗಳು

1865ರ ಏಪ್ರಿಲ್ 9ರಂದು ಅಪೊಮ್ಯಾಟಾಕ್ಸ್‌ನಲ್ಲಿ ಲೀ ಶರಣಾದರು. ಐದು ದಿನಗಳ ನಂತರ ಲಿಂಕನ್ ಮೇಲೆ ಗುಂಡಿನ ದಾಳಿ ನಡೆದು, ಅವರು ಏಪ್ರಿಲ್ 15ರಂದು ನಿಧನರಾದರು. ಡಿಸೆಂಬರ್ 6ರಂದು ಅನುಮೋದನೆಗೊಂಡ ಸಂವಿಧಾನದ 13ನೇ ತಿದ್ದುಪಡಿಯು ಗುಲಾಮಗಿರಿಯನ್ನು ದೇಶದಾದ್ಯಂತ ರದ್ದುಪಡಿಸಿತು. 14ನೇ ತಿದ್ದುಪಡಿ (1868) ಪೌರತ್ವವನ್ನೂ 15ನೇ ತಿದ್ದುಪಡಿ (1870) ಜನಾಂಗಭೇದವಿಲ್ಲದ ಮತದಾನದ ಹಕ್ಕನ್ನೂ ನೀಡಿದವು. ಆದರೆ 1877ರಲ್ಲಿ ಪುನರ್ನಿರ್ಮಾಣದ ಅವಧಿ ಮುಗಿದ ಮೇಲೆ ದಕ್ಷಿಣದ ರಾಜ್ಯಗಳು ಈ ಹಕ್ಕುಗಳನ್ನು ಹಂತಹಂತವಾಗಿ ಕಸಿದುಕೊಂಡವು. ಅವು ಮತ್ತೆ ಪರಿಣಾಮಕಾರಿಯಾಗಿ ದೊರೆತದ್ದು 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ನಂತರವೇ.

ಕರ್ನಾಟಕದೊಂದಿಗೆ ಸಂಬಂಧ

ಒಕ್ಕೂಟದ ನೌಕಾಪಡೆಯು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ವಿಧಿಸಿದ್ದರಿಂದ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿಯ ಅಭಾವ ಉಂಟಾಗಿ, ಭಾರತದ ಹತ್ತಿಗೆ ಬೇಡಿಕೆ ಹೆಚ್ಚಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಪ್ರದೇಶದಲ್ಲಿ ಅಮೇರಿಕದ ಬೀಜದಿಂದ ಬೆಳೆದ 'ಧಾರವಾಡ-ಅಮೇರಿಕನ್' ಹತ್ತಿಯು ಮೊದಲೇ ನೆಲೆಯೂರಿತ್ತು. ಯುದ್ಧಕಾಲದಲ್ಲಿ ಅಲ್ಲಿನ ಹತ್ತಿಯ ಬೆಲೆ ತೀವ್ರವಾಗಿ ಏರಿ, 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಕುಸಿಯಿತು.