ರಥೋಪಚಾರ

ಆಶ್ವಯುಜ ಶುದ್ಧ ನವಮಿಯ ಪ್ರಾತಃಕಾಲದಲ್ಲಿ ಬೆಂಗಳೂರಿನ ದಕ್ಷಿಣಭಾಗದ ಬಡಾವಣೆಗಳಾದ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಯಾವ ಅಡ್ಡರಸ್ತೆಯಲ್ಲಿ ನಡೆದು ಹೋದರೂ ಒಂದೇ ನೋಟವು ಕಣ್ಣಿಗೆ ಬೀಳುವುದು. ಮನೆಯ ಮುಂದಣ ಕಾರು ಮಜ್ಜನವನ್ನು ಮುಗಿಸಿ, ಗಂಧ ಕುಂಕುಮಗಳನ್ನು ತಳೆದು, ಸೇವಂತಿಗೆಯ ಹಾರವನ್ನು ಧರಿಸಿ, ಇಕ್ಕೆಲಗಳಲ್ಲಿ ಬಾಳೆಯ ಕಂದುಗಳನ್ನು ಕಟ್ಟಿಸಿಕೊಂಡು, ಚಕ್ರಗಳ ಕೆಳಗೆ ನಿಂಬೆಯ ಹಣ್ಣುಗಳನ್ನು ಇರಿಸಿಕೊಂಡು ನಿಂತಿರುವುದು. ಇದನ್ನು ಕಂಡು ನಗುವವರಲ್ಲಿ ಎರಡು ಪಂಗಡಗಳುಂಟು. ಯಂತ್ರಕ್ಕೆ ಪೂಜೆಯೇ ಎಂಬವರು ಮೊದಲನೆಯವರು. ಇದು ನಿನ್ನೆ ಮೊನ್ನೆ ಹುಟ್ಟಿದ ಆಡಂಬರವೆಂಬವರು ಎರಡನೆಯವರು. ಮೊದಲನೆಯವರೊಡನೆ ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಎರಡನೆಯವರ ಮಾತಾದರೋ ಇತಿಹಾಸಕ್ಕೆ ವಿರುದ್ಧವಾದುದು.

ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ನೆಯ ಇಸವಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮುದ್ರಿಸಿ ಪ್ರಕಟಪಡಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇರುವುದು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಕುದುರೆಗಳಿಗೆ ದಿನಕ್ಕೆ ಎರಡಾವರ್ತಿ ಸ್ನಾನ ಮಾಡಿಸಬೇಕು, ಗಂಧವನ್ನೂ ಮಾಲೆಯನ್ನೂ ಕೊಡಬೇಕು. ಆಶ್ವಯುಜದ ನವಮಿಯ ದಿನ ನೀರಾಜನವನ್ನು, ಎಂದರೆ ಆರತಿಯನ್ನು ಮಾಡಿಸಬೇಕು. ಯಾತ್ರೆಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ವ್ಯಾಧಿ ಬಂದಾಗಲೂ ಅದನ್ನೇ ಮಾಡಿಸಬೇಕು ಎಂದು ಅಲ್ಲಿ ವಿಧಿಸಿದೆ. ಸ್ನಾನ, ಗಂಧ, ಹಾರ, ಆರತಿ, ಕಡೆಗೆ ತಿಥಿಯೂ ಕೂಡ ಇಂದಿನದೇ! ವರಾಹಮಿಹಿರನ ಬೃಹತ್ಸಂಹಿತೆಯು ನೀರಾಜನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ರಘುವಂಶದಲ್ಲಿ ರಘುವು ದಿಗ್ವಿಜಯಕ್ಕೆ ಹೊರಡುವ ಮುನ್ನ ನಡೆದುದೂ ಇದೇ ಕರ್ಮವು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸನಾದ ಡೊಮಿಂಗೊ ಪಾಯಸನು ಮಹಾನವಮಿಯಲ್ಲಿ ಸಿಂಗರಿಸಿದ ಅಶ್ವಗಳನ್ನೂ ಗಜಗಳನ್ನೂ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಉತ್ಸವವನ್ನು ಮುಂದುವರಿಸಿದರು. ಮೈಸೂರರಮನೆಯ ಆಯುಧಪೂಜೆಯಲ್ಲಿ ಪಟ್ಟದ ಆನೆ ಕುದುರೆಗಳೊಡನೆ ಮೋಟಾರುಗಳೂ ಸಾಲಿನಲ್ಲಿ ನಿಲ್ಲತೊಡಗಿದ ಮೇಲೆ, ಜಯನಗರದ ಮನೆಯಂಗಳಕ್ಕೆ ಆ ಪದ್ಧತಿಯು ಇಳಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕೌಟಿಲ್ಯನು ಆರತಿಯೊಂದನ್ನೇ ಹೇಳಿ ಸುಮ್ಮನಾಗಲಿಲ್ಲವೆಂಬುದನ್ನು ಮರೆಯಲಾಗದು. ಚಿಕಿತ್ಸೆಯ ದೋಷದಿಂದ ಕುದುರೆಯ ರೋಗವು ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಇಮ್ಮಡಿ ದಂಡ. ಅದರಿಂದ ಕುದುರೆಯು ಸತ್ತರೆ ಅದರ ಬೆಲೆಯಷ್ಟು ದಂಡ. ಅಲಂಕಾರ, ಆರೈಕೆ, ದಂಡ ಮೂರೂ ಒಂದೇ ಪ್ರಕರಣದಲ್ಲಿ ಅಡಕವಾಗಿರುವುವು. ರಥಾಧ್ಯಕ್ಷ ಪ್ರಕರಣದಲ್ಲಿ ರಥಗಳು ಆರು ವಿಧವೆಂದು ಹೇಳಿದೆ. ಅವುಗಳಲ್ಲಿ ದೇವರಥ, ಉತ್ಸವಕ್ಕಾದ ಪುಷ್ಯರಥ, ಯುದ್ಧಕ್ಕಾದ ಸಾಂಗ್ರಾಮಿಕಗಳಲ್ಲದೆ ಕಲಿಯುವವರಿಗಾಗಿ ‘ವೈನಯಿಕ’ವೆಂಬುದೂ ಒಂದು. ಕೆಂಪಕ್ಷರದ ‘ಎಲ್’ ಫಲಕವನ್ನು ಹೊತ್ತು ಬನಶಂಕರಿಯ ಬೀದಿಗಳಲ್ಲಿ ತಡವರಿಸುವ ಬಂಡಿಗೆ ಇಷ್ಟು ಪುರಾತನವಾದ ಹೆಸರುಂಟೆಂದು ಅದರೊಳಗೆ ಬೆವರುತ್ತಿರುವವನಿಗೆ ತಿಳಿದಿರಲಾರದು.

ಆರೈಕೆಯ ವಿಷಯದಲ್ಲಿ ಮಹಾಭಾರತದ ದ್ರೋಣಪರ್ವಕ್ಕಿಂತ ಮಿಗಿಲಾದ ನಿದರ್ಶನವು ದೊರೆಯದು. ಸೂರ್ಯಾಸ್ತದೊಳಗಾಗಿ ಜಯದ್ರಥನನ್ನು ಕೊಲ್ಲುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ್ದಾನೆ. ಒಂದೊಂದು ಗಳಿಗೆಯೂ ಅಮೂಲ್ಯವಾದುದು. ಅಂಥ ದಿನದ ನಡುವೆ ಕುದುರೆಗಳು ಬಾಣಗಳಿಂದ ನೊಂದು ದಣಿದುವೆಂದು ಕಂಡು ರಥವನ್ನು ನಿಲ್ಲಿಸಿದರು. ಅರ್ಜುನನು ನೆಲಕ್ಕಿಳಿದು ಶತ್ರುಗಳನ್ನು ತಡೆದು ನಿಂತು, ಅಸ್ತ್ರದಿಂದ ಭೂಮಿಯನ್ನು ಭೇದಿಸಿ ಸರೋವರವನ್ನುಂಟುಮಾಡಿದನು. ಶ್ರೀಕೃಷ್ಣನು ನೊಗವನ್ನು ಬಿಚ್ಚಿ, ನಾಟಿದ ಬಾಣಗಳನ್ನು ಕಿತ್ತು, ಸ್ವಹಸ್ತದಿಂದ ಮೈಯುಜ್ಜಿ, ಮೀಯಿಸಿ, ನೀರು ಕುಡಿಸಿ, ಮರಳಿ ಹೂಡಿದನು. ‘ಕೆಲಸದ ತ್ವರೆಯಲ್ಲಿ ಗಾಡಿಯ ಕಡೆ ನೋಡಲು ಬಿಡುವಿಲ್ಲ’ ಎನ್ನುವವರು ಈ ಪ್ರಸಂಗವನ್ನು ಒಮ್ಮೆ ಓದಬಹುದು.

ವಾಹನಕ್ಕೆ ತನ್ನದೆಂಬ ಗುರುತನ್ನಿಡುವ ಆಸೆಯೂ ಅಷ್ಟೇ ಹಳೆಯದು. ಭೀಷ್ಮನ ಧ್ವಜದಲ್ಲಿ ತಾಳವೃಕ್ಷ, ದ್ರೋಣನದರಲ್ಲಿ ವೇದಿ, ಕೃಪನದರಲ್ಲಿ ವೃಷಭ, ಜಯದ್ರಥನದರಲ್ಲಿ ವರಾಹ, ಅರ್ಜುನನದರಲ್ಲಿ ಕಪಿ. ದೂರದಿಂದಲೇ ಇಂಥವನ ರಥವೆಂದು ತಿಳಿಯುವುದು ಇದರಿಂದಲೇ. 2015ರಲ್ಲಿ ಕಾಸರಗೋಡಿನ ಕುಂಬಳೆಯ ಚಿತ್ರಕಾರ ಕರಣ್ ಆಚಾರ್ಯರು ತಮ್ಮೂರ ಯುವಕರ ಬಾವುಟಕ್ಕೆಂದು ಕೇಸರಿ ಕಪ್ಪು ಬಣ್ಣಗಳ ಹನುಮಂತನ ಮುಖವೊಂದನ್ನು ಬರೆದುಕೊಟ್ಟರು. ಅದು ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಲೆಕ್ಕವಿಲ್ಲದಷ್ಟು ಕಾರುಗಳ ಹಿಂಬದಿಯ ಗಾಜನ್ನೇರಿತು. ಧ್ವಜಕ್ಕಾಗಿ ಬರೆದ ಕಪಿಯು ರಥಕ್ಕೆ ಬಂದು ಸೇರಿದುದು ಕಾಕತಾಳೀಯವಾದರೂ ಸೊಗಸಾದುದು.

ಇನ್ನು ಯಂತ್ರದ ಕಥೆ. ನಮ್ಮ ಹಳ್ಳಿಗಳಲ್ಲಿ ಬಂಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕದೆ ಯಾರೂ ದೂರದ ದಾರಿಗೆ ಹೊರಡುತ್ತಿರಲಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿಯವರು ಮೋಟಾರಿನ ಎಣ್ಣೆಗೆ ಹರಳೆಣ್ಣೆಯನ್ನು ಬೆರಸಿ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟರು. ಅದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿದ ಪದವು. ಅದಕ್ಕೂ ಮೊದಲು, 1888ರಲ್ಲಿ, ಜರ್ಮನಿಯ ಬರ್ಥಾ ಬೆಂಜ್ ಎಂಬಾಕೆಯು ಗಂಡನು ರಚಿಸಿದ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಹೋದಳು. ಇಂಧನದ ನಳಿಗೆಯು ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ತಡೆಯ ಮರದ ತುಂಡು ಸವೆದಾಗ ದಾರಿಯ ಚಮ್ಮಾರನಿಂದ ಅದಕ್ಕೆ ಚರ್ಮವನ್ನು ಹೊದೆಯಿಸಿದಳು. ಕಾರಿನ ಆರೈಕೆಯ ಮೊದಲ ಗುರುವು ಒಬ್ಬ ಗೃಹಿಣಿಯೆಂಬುದನ್ನು ಗಂಡಸರು ನೆನಪಿನಲ್ಲಿಡುವುದು ಒಳ್ಳೆಯದು.

ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ 1948ರಲ್ಲಿ ಆರಂಭವಾದ ಜಯನಗರದಲ್ಲಿ ಬಹುಕಾಲದವರೆಗೆ ಕಾರುಳ್ಳ ಮನೆಗಳು ವಿರಳವಾಗಿದ್ದುವು. ಇದ್ದವುಗಳಲ್ಲಿ ಅಂಬಾಸಡರ್ ಮತ್ತು ಫಿಯೆಟ್ ಮುಖ್ಯವಾದುವು. ಬೆಂಗಳೂರಿನಲ್ಲಿಯೇ ಮೋಟಾರು ಕಾರ್ಖಾನೆಯನ್ನು ಕಟ್ಟಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ವಾಲಚಂದ್ ಹೀರಾಚಂದರೊಡನೆ ಮಾಡಿದ ಪ್ರಯತ್ನವು ಆಂಗ್ಲ ಪ್ರಭುತ್ವದ ಅಸಮ್ಮತಿಯಿಂದ ಕೈಗೂಡದೆ ಹೋಗಿ, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪೆನಿಯಾಗಿ ಫಲಿಸಿತು. ಇಲ್ಲಿ ಹುಟ್ಟಬೇಕಾಗಿದ್ದ ಬಂಡಿಯು ಅಲ್ಲಿ ಫಿಯೆಟ್ ಆಗಿ ಹುಟ್ಟಿ ಜಯನಗರಕ್ಕೆ ಬಂದಿತು! ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಇದ್ದುದನ್ನು ಕಾಪಾಡುವುದೇ ಗೃಹಸ್ಥನ ಜಾಣ್ಮೆಯಾಗಿದ್ದಿತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಮಸಿಯನ್ನು ಉಜ್ಜುವುದು, ಕಾರ್ಬುರೇಟರನ್ನು ತೊಳೆಯುವುದು, ರೇಡಿಯೇಟರಿಗೆ ನೀರೆರೆಯುವುದು ಮನೆಯವರಿಗೇ ಬರುತ್ತಿದ್ದಿತು. ಆಸನಗಳ ಹೊದಿಕೆ, ಕಿಟಕಿಯ ಪರದೆ ಮೊದಲಾದುವಕ್ಕೆ ಅದೇ ಅರಸರ ಹೆಸರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದರು. 1983ರಲ್ಲಿ ಮಾರುತಿಯು ಬಂದಿತು. ಶತಮಾನದ ಕೊನೆಗೆ ಕಾರ್ಬುರೇಟರು ಮರೆಯಾಗಿ ಇಂಧನದ ಅಳತೆಯು ಗಣಕದ ಪಾಲಾಯಿತು. ಅಂದಿನಿಂದ ಆರೈಕೆಯು ಗ್ಯಾರೇಜಿನವರದೂ ಅಲಂಕಾರವು ಯಜಮಾನನದೂ ಆಗಿ ಬೇರ್ಪಟ್ಟುವು. ಟೈರಿನ ಗಾಳಿ, ಎಂಜಿನ್ನಿನ ಎಣ್ಣೆಯ ಮಟ್ಟ ಇಷ್ಟನ್ನು ನೋಡಿಕೊಳ್ಳಲು ಇಂದಿಗೂ ಯಾವ ಗಣಕದ ಅಡ್ಡಿಯೂ ಇಲ್ಲ. ಆದರೂ ನೋಡುವವರು ಕಡಮೆ.

ಅಲಂಕಾರವು ಒಂಟಿಯಾದ ಮೇಲೆ ಮೇರೆ ಮೀರುವುದೂ ಸಹಜವೇ. ರಾಜದಂಡವು ಇಲ್ಲಿಯೂ ಬಂದಿತು. ಗಾಜಿಗೆ ಕರಿಯ ಪೊರೆಯನ್ನು ಅಂಟಿಸುವುದನ್ನು ಸುಪ್ರೀಂ ಕೋರ್ಟು 27 ಏಪ್ರಿಲ್ 2012ರಲ್ಲಿ ನಿಷೇಧಿಸಿತು. ಗಾಡಿಯ ಮುಂದೆ ಕಬ್ಬಿಣದ ಕೋಡುಗಳನ್ನು ಕಟ್ಟುವುದರ ಮೇಲೆ ಕ್ರಮ ಕೈಗೊಳ್ಳಿರೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಬರೆಯಿತು. ದಾರಿಹೋಕನಿಗೆ ಆ ಕೋಡು ಮೃತ್ಯುವಾಗಬಹುದು. ಒಳಗೆ ಕುಳಿತವನಿಗೂ ಹಿತವಲ್ಲ, ಯಾತಕ್ಕೆಂದರೆ ಘಾತದ ವೇಳೆ ಗಾಳಿಚೀಲವು ಸಕಾಲದಲ್ಲಿ ಅರಳದೆ ಹೋಗಬಹುದು. ನವಮಿಯಂದು ನಡುಬೀದಿಯಲ್ಲಿ ಒಡೆದ ಬೂದುಗುಂಬಳದ ತಿರುಳನ್ನು ಒಡೆದವನೇ ಬಾಚಿ ತೆಗೆಯಬೇಕೆಂಬುದಕ್ಕೂ ಕಾರಣವಿದೇ: ಒಬ್ಬನ ರಕ್ಷೆಗಾಗಿ ಒಡೆದುದರ ಮೇಲೆ ಮತ್ತೊಬ್ಬನ ಬೈಸಿಕಲ್ಲು ಜಾರಬಾರದು.

ಎಲ್ಲಕ್ಕಿಂತ ಕಠಿನವಾದುದು ನೀರಿನ ಪ್ರಶ್ನೆ. ಕಾವೇರಿಯ ಮೊದಲ ಹಂತದ ನೀರು ಬೆಂಗಳೂರನ್ನು ಮುಟ್ಟಿದುದು 1974ರಲ್ಲಿ. ಅದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಹಾರೋಹಳ್ಳಿ ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಲ್ಪಟ್ಟು ಊರನ್ನು ಸೇರುವುದು. ಅರ್ಜುನನ ಬಾಣದಂತೆ ನೆಲವನ್ನು ಭೇದಿಸಿದ ಕೊಳವೆ ಬಾವಿಗಳು 2024ರ ಬೇಸಗೆಯಲ್ಲಿ ಸಾವಿರಗಟ್ಟಲೆ ಬತ್ತಿದುವು. ಆ ಮಾರ್ಚಿಯಲ್ಲಿ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನವನ್ನು ತೊಳೆದವರಿಗೆ 5,000 ರೂಪಾಯಿ ದಂಡವನ್ನು ವಿಧಿಸಿತು. ಮರುವರ್ಷವೂ ಅದೇ ಆಜ್ಞೆಯು ಹೊರಟಿತು. ಕೌಟಿಲ್ಯನ ಕಾಲದಲ್ಲಿ ಆರೈಕೆಯನ್ನು ಕೆಡಿಸಿದವನಿಗೆ ದಂಡವಿದ್ದರೆ, ಈಗ ಸ್ನಾನ ಮಾಡಿಸಿದವನಿಗೇ ದಂಡ! ಆದರೂ ಕುದುರೆಗೆ ಬೆವರುಂಟು, ಕಾರಿಗಿಲ್ಲ. ಹಾಗೆಂದು ಒಣಬಟ್ಟೆಯಿಂದ ಉಜ್ಜಿದರೆ ಧೂಳಿನ ಕಣಗಳು ಬಣ್ಣವನ್ನು ಗೀರುವುವು. ಮೃದುವಾದ ಕುಂಚದಿಂದ ಧೂಳನ್ನು ಕೊಡವಿ, ಅಕ್ಕಿ ತೊಳೆದು ಉಳಿದ ನೀರಲ್ಲದೆ ಸಂಗ್ರಹಿಸಿದ ಮಳೆಯ ನೀರೊಂದು ಬಕೆಟ್ಟಿನಲ್ಲಿ ಬಟ್ಟೆಯನ್ನು ಅದ್ದಿ ಹಿಂಡಿ ಒರಸಿದರೆ ಸಾಕು. ಜಯನಗರದ ಸಾಲುಮರಗಳ ನೆರಳಿನಲ್ಲಿ ನಿಲ್ಲುವ ಗಾಡಿಗೆ ಹಕ್ಕಿಯ ಹಿಕ್ಕೆಯೇ ದೊಡ್ಡ ಶತ್ರು. ಅದನ್ನು ಮಾತ್ರ ಒಣಗಗೊಡದೆ, ಬಿದ್ದ ದಿನವೇ ನೆನೆಯಿಸಿ ತೆಗೆಯಬೇಕು.