ಪ್ರಾಣಿದೇಹದ ರಕ್ತವನ್ನು ಅಳೆದ ಬಗೆ

ಪ್ರಾಣಿದೇಹದಲ್ಲಿ ಸಂಚರಿಸುವ ರಕ್ತವೆಷ್ಟು ಎಂಬುದು ಮೇಲುನೋಟಕ್ಕೆ ಸರಳವಾದ ಪ್ರಶ್ನೆ. ಆದರೆ ಪ್ರಾಣಿಯನ್ನು ಕೊಲ್ಲದೆ ಅದಕ್ಕೆ ಉತ್ತರ ಹೇಳುವುದನ್ನು ಕಲಿಯಲು ಶರೀರಶಾಸ್ತ್ರಕ್ಕೆ ಸುಮಾರು ಎರಡೂವರೆ ಶತಮಾನಗಳು ಹಿಡಿದುವು.

1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ಸಾಧಿಸಿದುದು ಒಂದು ಲೆಕ್ಕದ ಬಲದಿಂದ. ಕುರಿಯ ಮೈಯಲ್ಲಿರುವ ರಕ್ತ ನಾಲ್ಕು ಪೌಂಡುಗಳನ್ನು ಮೀರದು. ಹೃದಯವಾದರೋ ಅರ್ಧ ಗಂಟೆಯಲ್ಲಿ ದೇಹದಲ್ಲಿರುವುದಕ್ಕಿಂತ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಆದುದರಿಂದ ಅದೇ ರಕ್ತ ಮತ್ತೆ ಮತ್ತೆ ಮರಳಿ ಬರುತ್ತಿರಲೇಬೇಕು ಎಂಬುದು ಆತನ ವಾದ. 1733ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪಾದ್ರಿ ಸ್ಟೀಫನ್ ಹೇಲ್ಸ್, ಕುದುರೆಗಳ ಧಮನಿಯಿಂದ ರಕ್ತವನ್ನು ಅಳೆದಳೆದು ತೆಗೆಯುತ್ತ, ಅವು ಸಾಯುವವರೆಗಿನ ಪರಿಣಾಮಗಳನ್ನು ದಾಖಲಿಸಿದನು.

ಹೀಗೆ ಬಸಿದ ರಕ್ತವೇ ಸಮಸ್ತ ರಕ್ತವಲ್ಲ. ಸೂಕ್ಷ್ಮ ನಾಳಗಳಲ್ಲಿ ಒಂದು ಪಾಲು ಉಳಿದುಬಿಡುತ್ತದೆ. ಈ ಕೊರತೆಯನ್ನು ತುಂಬಲು ಜರ್ಮನಿಯ ಹರ್ಮನ್ ವೆಲ್ಕರ್ 1854ರಲ್ಲಿ ನಾಳಗಳನ್ನು ನೀರಿನಿಂದ ತೊಳೆದು, ಅಂಗಾಂಶಗಳನ್ನು ಕೊಚ್ಚಿ ನೆನೆಸಿ, ಆ ನೀರಿನ ಕೆಂಪನ್ನು ಅಳತೆ ತಿಳಿದ ರಕ್ತದ ಕೆಂಪಿನೊಡನೆ ಹೋಲಿಸಿದನು. ರಕ್ತವು ದೇಹತೂಕದ ಹದಿಮೂರರಲ್ಲೊಂದು ಪಾಲೆಂದು ಪಠ್ಯಪುಸ್ತಕಗಳಲ್ಲಿ ಬಹುಕಾಲ ನೆಲಸಿದ ಪ್ರಮಾಣ ಈ ಮಾರ್ಗದ ಫಲ. ವಿಧಾನ ನಿಖರವಾದುದೇ ಸರಿ. ಆದರೆ ಒಂದು ಪ್ರಾಣಿಯನ್ನು ಒಮ್ಮೆ ಮಾತ್ರ ಅಳೆಯಬಹುದಾಗಿತ್ತು.

ಬಿಡುಗಡೆ ದೊರೆತುದು ಬೆರಕೆಯ ತತ್ತ್ವದಿಂದ. 1882ರಲ್ಲಿ ಫ್ರಾನ್ಸಿನ ಗ್ರೆಯಾಂ ಮತ್ತು ಕ್ಯಾಂಕೊ ಜೀವಂತ ನಾಯಿಗೆ ಗೊತ್ತಾದ ಪ್ರಮಾಣದ ಕಾರ್ಬನ್ ಮಾನಾಕ್ಸೈಡನ್ನು ಉಸಿರಾಡಿಸಿ, ರಕ್ತದ ಮಾದರಿಯಲ್ಲಿ ಅದೆಷ್ಟು ಸೇರಿದೆಯೆಂದು ನೋಡಿದರು. 1915ರಲ್ಲಿ ಅಮೆರಿಕದ ಕೀತ್, ರೌನ್‌ಟ್ರೀ ಮತ್ತು ಜೆರಾಟಿ ಅನಿಲದ ಬದಲು ಬಣ್ಣವನ್ನು ಬಳಸಿದರು; ಮುಂದೆ ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣ ಬಳಕೆಗೆ ಬಂದಿತು. ಇದು ರಕ್ತರಸದ ಆಲ್ಬುಮಿನ್ನಿಗೆ ಅಂಟಿಕೊಳ್ಳುವುದರಿಂದ ಬೇಗನೆ ನಾಳದಿಂದ ಹೊರಬೀಳದು. ನಾಯಿಯೊಂದಕ್ಕೆ 11 ಮಿಲಿಗ್ರಾಂ ಬಣ್ಣ ಕೊಟ್ಟು, ಅದು ಬೆರೆತ ಮೇಲೆ ಪ್ರತಿ ಮಿಲಿಲೀಟರ್ ರಕ್ತರಸದಲ್ಲಿ 0.02 ಮಿಲಿಗ್ರಾಂ ಕಂಡುಬಂದರೆ, ರಕ್ತರಸ 550 ಮಿಲಿಲೀಟರ್. ರಕ್ತದ ನೂರು ಭಾಗಗಳಲ್ಲಿ 55 ರಕ್ತರಸವಾದರೆ ಒಟ್ಟು ರಕ್ತ 1,000 ಮಿಲಿಲೀಟರ್.

ಈ ಲೆಕ್ಕವೂ ನಿರ್ದೋಷವಲ್ಲ. ಸೂಕ್ಷ್ಮ ನಾಳಗಳಲ್ಲಿ ಕೆಂಪುಕಣಗಳ ಪ್ರಮಾಣ ದೊಡ್ಡ ನಾಳಗಳಲ್ಲಿರುವುದಕ್ಕಿಂತ ಕಡಿಮೆ. ಅಲ್ಲದೆ ನಾಯಿಯ ಗುಲ್ಮವು ಕೆಂಪುಕಣಗಳನ್ನು ಕೂಡಿಟ್ಟುಕೊಂಡು, ರಕ್ತಸ್ರಾವವಾದಾಗ ಹೊರಬಿಡುತ್ತದೆ; ದೇಹದಲ್ಲಿರುವ ರಕ್ತವೆಲ್ಲ ಸದಾ ಸಂಚರಿಸುತ್ತಿರುವುದಿಲ್ಲ. ಆದುದರಿಂದಲೇ, 1950ರಲ್ಲಿ ವಿಕಿರಣಶೀಲ ಕ್ರೋಮಿಯಮ್ಮಿನಿಂದ ಕೆಂಪುಕಣಗಳನ್ನು ಗುರುತಿಸುವ ಕ್ರಮ ಬಂದ ಮೇಲೆ, ಕಣಗಳನ್ನೂ ರಕ್ತರಸವನ್ನೂ ಪ್ರತ್ಯೇಕವಾಗಿ ಅಳೆದು ಕೂಡಿಸುವುದು ಹೆಚ್ಚು ವಿಶ್ವಸನೀಯವೆನಿಸಿತು.

ಇಂದು ಈ ಅಂಕಿಗಳ ಪ್ರಯೋಜನ ಬೇರೊಂದು ದಿಕ್ಕಿಗೂ ಹೊರಳಿದೆ. ಇಲಿಮರಿಯಷ್ಟೇ ಗಾತ್ರದ ಪ್ರಯೋಗಾಲಯದ ಚಿಟ್ಟಿಲಿಗೆ ಕಿಲೋಗ್ರಾಂ ತೂಕಕ್ಕೆ ಸುಮಾರು 72 ಮಿಲಿಲೀಟರ್ ರಕ್ತ. 25 ಗ್ರಾಂ ತೂಗುವುದರಲ್ಲಿ ಇರುವುದು 1.8 ಮಿಲಿಲೀಟರ್ ಮಾತ್ರ. ಒಂದು ಸಲಕ್ಕೆ ಹತ್ತನೆಯ ಒಂದು ಪಾಲನ್ನು ಮೀರಿ ತೆಗೆಯಬಾರದೆಂಬುದು ಸಾಮಾನ್ಯವಾಗಿ ಅನುಸರಿಸುವ ಮಿತಿ, ಅಂದರೆ 0.18 ಮಿಲಿಲೀಟರ್. ಹಿಂದೆ ಪ್ರಾಣಿಯ ಜೀವವನ್ನು ತೆಗೆದುಕೊಂಡೇ ದೊರೆಯುತ್ತಿದ್ದ ಸಂಖ್ಯೆ ಈಗ ಪ್ರಯೋಗಕಾರನ ಕೈಯನ್ನು ತಡೆಯುವ ಮಿತಿಯಾಗಿದೆ.