ಲೇಶ್ಯಾವೃಕ್ಷವೂ ಆರು ಮಂದಿ ಪಥಿಕರೂ

ಈಚೆಗೆ ಮದುವೆಯ ಮನೆಗಳಲ್ಲಿಯೂ ಉದ್ಯೋಗ ಸಂಸ್ಥೆಗಳ ತರಬೇತಿ ಶಿಬಿರಗಳಲ್ಲಿಯೂ ಒಂದು ವಿನೋದ ರೂಢಿಗೆ ಬಂದಿದೆ. "ಕಾಡಿನಲ್ಲಿ ನಡೆದು ಹೋಗುತ್ತಿರುವಿರೆಂದು ಊಹಿಸಿಕೊಳ್ಳಿ. ದಾರಿಯಲ್ಲಿ ಒಂದು ಬೀಗದ ಕೈ ಬಿದ್ದಿದೆ, ಮುಂದೆ ನೀರಿದೆ, ಆಚೆ ಒಂದು ಮನೆಯಿದೆ. ನೀವೇನು ಮಾಡುವಿರಿ?" ಎಂದು ಕೇಳಿ, ಬಂದ ಉತ್ತರದಿಂದ ವ್ಯಕ್ತಿಯ ಸ್ವಭಾವವನ್ನು ಹೇಳುವ ಆಟವಿದು. ಪಶ್ಚಿಮದ ಮನಶ್ಶಾಸ್ತ್ರದಿಂದ ಬಂದ ಹೊಸ ವಿದ್ಯೆಯೆಂದು ನಮ್ಮ ತರುಣರು ಇದನ್ನು ಮೆಚ್ಚುತ್ತಾರೆ. ಆದರೆ ಊಹೆಯ ಪಯಣದಿಂದ ಅಂತರಂಗವನ್ನು ಅರಿಯುವ ಕ್ರಮವು ನಮ್ಮ ಸಿದ್ಧಾಂತ ಗ್ರಂಥಗಳಿಗೆ ಹೊಸದಲ್ಲ.

ಕ್ರಿ.ಶ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯಾಮಾರ್ಗಣೆಯೆಂಬ ಅಧಿಕಾರವಿದೆ. ಅಲ್ಲಿ ಬರುವ ದೃಷ್ಟಾಂತವು ಶ್ರಾವಕರಿಗೆಲ್ಲ ಪರಿಚಿತವಾದುದು. ಆರು ಮಂದಿ ದಾರಿಹೋಕರು ಅರಣ್ಯದ ನಡುವೆ ದಾರಿ ತಪ್ಪಿದ್ದಾರೆ. ಫಲಭರಿತವಾದ ಒಂದು ಮರ ಕಣ್ಣಿಗೆ ಬೀಳುತ್ತದೆ. ಒಬ್ಬನು ಬುಡಸಹಿತ ಕೀಳೋಣವೆನ್ನುತ್ತಾನೆ. ಇನ್ನೊಬ್ಬನಿಗೆ ಕಾಂಡ ಕಡಿದರೆ ಸಾಕು. ಮೂರನೆಯವನಿಗೆ ದೊಡ್ಡ ಕೊಂಬೆ, ನಾಲ್ಕನೆಯವನಿಗೆ ಚಿಕ್ಕ ರೆಂಬೆ. ಐದನೆಯವನು ಹಣ್ಣನ್ನು ಮಾತ್ರ ಬಿಡಿಸಿಕೊಳ್ಳಬಯಸುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿಕೊಂಡರಾಯಿತು ಎನ್ನುತ್ತಾನೆ. ಕ್ರಮವಾಗಿ ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳ ಕುರುಹುಗಳಿವು. ಗಾಥೆಯಲ್ಲಿ ಮರದ ಹೆಸರಿಲ್ಲ. ಲೋಕರೂಢಿ ಅದನ್ನು ಜಂಬೂವೃಕ್ಷವೆನ್ನುತ್ತದೆ.

ಇದನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಹುಮನಾಬಾದಿನಿಂದ ಕಲ್ಯಾಣಕ್ಕೆ ನಡೆದು ಹೊರಟರೆ ಒಂದು ಹಗಲಿನ ದಾರಿ. ವೈಶಾಖ ಕಳೆದು ನೇರಳೆ ಹಣ್ಣಾಗುವ ಕಾಲ. ಆರು ಮಂದಿ ವರ್ತಕರು ಹಸಿದು ಒಂದು ಮರದ ಕೆಳಗೆ ಬಂದು ನಿಂತಿದ್ದಾರೆ. ಇವರಲ್ಲಿ ಹಸಿವಿಲ್ಲದವನು ಒಬ್ಬನೂ ಇಲ್ಲ. ಶುಕ್ಲಲೇಶ್ಯೆಯವನೂ ಉಪವಾಸ ಹಿಡಿದವನಲ್ಲ, ಅವನಿಗೂ ಹಣ್ಣು ಬೇಕು. ಬೇಕೆಂಬುದು ಸಮಾನ, ಆ ಬೇಕಿಗಾಗಿ ಎಷ್ಟನ್ನು ಹಾಳುಮಾಡಲು ಸಿದ್ಧನೆಂಬುದರಲ್ಲಿ ವ್ಯತ್ಯಾಸ. ವ್ಯಾಪಾರಿಗಳಾದ ನಮಗೆ ಇದು ಬೇಗ ಅರ್ಥವಾಗಬೇಕಾದ ಮಾತು. ನೂರು ರೂಪಾಯಿ ಬಾಕಿಯ ವಸೂಲಿಗಾಗಿ ರೈತನ ಎತ್ತನ್ನೇ ಹಿಡಿದು ತರುವವನೂ ಸುಗ್ಗಿಯವರೆಗೆ ಕಾಯುವವನೂ ತಮ್ಮ ನ್ಯಾಯವಾದ ಹಣವನ್ನೇ ಕೇಳುತ್ತಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಇಬ್ಬರ ಜಮೆಯೂ ಒಂದೇ. ಮರವನ್ನು ಉರುಳಿಸಿದ್ದು ಯಾವ ಖಾತೆಗೂ ಏರುವುದಿಲ್ಲ.

ಇನ್ನೊಂದು ಸಂಗತಿಯಿದೆ. ಗಾಥೆಯ ಪಥಿಕರು ಕೊಡಲಿ ಎತ್ತುವುದೇ ಇಲ್ಲ. ಅವರು ಚಿಂತಿಸುತ್ತಾರೆ, ಆ ಚಿಂತನೆಗೆ ತಕ್ಕ ಮಾತನಾಡುತ್ತಾರೆ, ಅಷ್ಟೇ. ಕಷಾಯದಿಂದ ರಂಜಿತವಾದ ಯೋಗಪ್ರವೃತ್ತಿಯೇ ಭಾವಲೇಶ್ಯೆ ಎಂಬ ಲಕ್ಷಣಕ್ಕೆ ಇಷ್ಟು ಸಾಕು.

ಈ ದೃಷ್ಟಾಂತವು ಉಳಿದು ಬಂದ ಬಗೆಯಲ್ಲಿ ಕನ್ನಡದ ಪಾಲು ದೊಡ್ಡದು. ೧೩೫೯ರಲ್ಲಿ ಕೇಶವವರ್ಣಿಯು ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವಿಸ್ತಾರವಾದ ವೃತ್ತಿಯನ್ನು ಬರೆದನು. ಮುಂದೆ ಅದನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತ ಟೀಕೆಯನ್ನು ಅವಲಂಬಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ನಾಡನುಡಿಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ರಚಿಸಿದರು. ಈ ಋಣದ ಸರಪಣಿಯನ್ನು ಬಿಡಿಸಿ ತೋರಿಸಿದವರು ನಮ್ಮ ಸದಲಗೆಯಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು. ರಾಜಸ್ಥಾನದ ಶ್ರಾವಕನು ಓದಿದ ಮರಕ್ಕೆ ಕನ್ನಡದ ಬೇರಿದೆಯೆಂದು ಹೇಳಿದರೆ ಅತಿಶಯವಾಗದು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿಯೂ ಈ ಮರವೂ ಆರು ಜನರೂ ಇದ್ದಾರೆ. ಅಕ್ಷರವರಿಯದವರಿಗೂ ಅದು ಪಾಠ.

ಹಾಗಾದರೆ ಲೇಶ್ಯಾವಿಚಾರಕ್ಕೂ ಇಂದಿನ ಆಟಕ್ಕೂ ಭೇದವೇನು? ಆಟವು ಕೊನೆಗೆ ಒಂದು ಹೆಸರು ಹಚ್ಚುತ್ತದೆ: ಇವನು ಸ್ವಾರ್ಥಿ, ಇವಳು ಹಟಮಾರಿ. ಆಗಮವು ಹಾಗೆ ಹಚ್ಚಗೊಡುವುದಿಲ್ಲ. ಮನುಷ್ಯರಲ್ಲಿ ಭಾವಲೇಶ್ಯೆಯ ಸ್ಥಿತಿ ಅಂತರ್ಮುಹೂರ್ತ ಮಾತ್ರ, ಅಂದರೆ ೪೮ ನಿಮಿಷಕ್ಕೂ ಕಡಿಮೆ. ಸಯೋಗಕೇವಲಿಯ ಶುಕ್ಲಲೇಶ್ಯೆಯೊಂದೇ ಇದಕ್ಕೆ ಹೊರತು. ಹುಮನಾಬಾದಿನಲ್ಲಿ ಬಸ್ಸು ಹತ್ತಿದವನು ಕಲ್ಯಾಣದಲ್ಲಿ ಇಳಿಯುವಾಗ ಅದೇ ಲೇಶ್ಯೆಯಲ್ಲಿರಬೇಕೆಂಬ ನಿಯಮವಿಲ್ಲ. ಅವಿರತ ಸಮ್ಯಗ್ದೃಷ್ಟಿಗೂ ಆರು ಲೇಶ್ಯೆಗಳೂ ಸಂಭವಿಸುತ್ತವೆಂದು ಶಾಸ್ತ್ರವೇ ಹೇಳುತ್ತದೆ. ದೀಪಾವಳಿಯಂದು ಹಳೆಯ ಖಾತೆಯ ಬಾಕಿಯನ್ನು ಹೊಸ ಪುಸ್ತಕಕ್ಕೆ ಎಳೆದುಕೊಳ್ಳುವುದು ನ್ಯಾಯ. ಮನುಷ್ಯನ ಮೇಲಣ ತೀರ್ಪನ್ನೂ ಹಾಗೆಯೇ ವರ್ಷವರ್ಷ ಎಳೆದುಕೊಂಡು ಹೋಗುವುದಕ್ಕೆ ಆಧಾರವೆಲ್ಲಿದೆ? ಇದರಿಂದ ತಪ್ಪು ಮಾಡಿದವನಿಗೆ ರಿಯಾಯಿತಿ ದೊರೆಯಿತೆಂದು ತಿಳಿಯಬಾರದು. ಭಾವ ಬದಲಾದರೂ ಕಟ್ಟಿದ ಕರ್ಮ ಕಟ್ಟಿದ್ದೇ.

ವರ್ಣದ ಮಾತಿನಲ್ಲಿಯೂ ಎಚ್ಚರ ಬೇಕು. ಶರೀರದ ಬಣ್ಣವು ದ್ರವ್ಯಲೇಶ್ಯೆ, ವರ್ಣನಾಮಕರ್ಮದ ಫಲ, ಭಾವಲೇಶ್ಯೆ ಬೇರೆ. ಕಪ್ಪು ಮೈಯವನಲ್ಲಿ ಶುಕ್ಲಭಾವವೂ ಬಿಳಿಯ ಮೈಯವನಲ್ಲಿ ಕೃಷ್ಣಭಾವವೂ ಇರಬಲ್ಲವು. ಇದನ್ನು ಓದಿಯೂ ನಮ್ಮ ಸಮಾಜದ ವಧೂವರ ಪ್ರಕಟಣೆಗಳಲ್ಲಿ "ಗೌರವರ್ಣದ ಕನ್ಯೆ ಬೇಕಾಗಿದೆ" ಎಂದು ಅಚ್ಚಾಗುವುದು ನಾಚಿಕೆಯ ಸಂಗತಿ. ಜಾತಕದ ಹಂಬಲವಂತೂ ಹಳೆಯದು. ಒಂದನೆಯ ಸೋಮೇಶ್ವರನ ಕಾಲದಲ್ಲಿ, ೧೦೪೯ರಲ್ಲಿ, ಕನ್ನಡದ ಮೊದಲ ಜ್ಯೋತಿಷ ಗ್ರಂಥವಾದ ಜಾತಕತಿಲಕವನ್ನು ಬರೆದ ಶ್ರೀಧರಾಚಾರ್ಯನು ಜೈನನೇ! ಹುಟ್ಟಿದ ಗಳಿಗೆಯಿಂದ ಮನುಷ್ಯನನ್ನು ಓದುವುದು ಒಂದು ದಾರಿ. ಈ ಗಳಿಗೆಯ ಭಾವದಿಂದ ಓದುವುದು ಇನ್ನೊಂದು.

ಕಲ್ಯಾಣದ ಹೆಸರೆತ್ತಿದ ಮೇಲೆ ಒಂದು ಮಾತನ್ನು ಹೇಳಲೇಬೇಕು. ಹನ್ನೆರಡನೆಯ ಶತಮಾನದ ಈ ರಾಜಧಾನಿಯ ಕಥೆಯನ್ನು ಬರೆದವರು ಆ ಕಾಲದವರನ್ನು ಒಂದೊಂದೇ ಬಣ್ಣದಲ್ಲಿ ಅದ್ದಿದರು. ವೀರಶೈವ ಪುರಾಣಗಳಲ್ಲಿ ಬಿಜ್ಜಳನು ಶರಣರ ವೈರಿ. ಜೈನಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆಯಲ್ಲಿ ಬಸವಣ್ಣನವರ ಮೇಲೆ ಕಪ್ಪು ಬಳಿಯಲಾಗಿದೆ. ನಮ್ಮ ಬ್ರಹ್ಮಶಿವನ ಸಮಯಪರೀಕ್ಷೆಯೂ ಪರಮತಗಳ ವಿಷಯದಲ್ಲಿ ಕೊಡಲಿಯ ಮಾತನ್ನೇ ಆಡುತ್ತದೆ. ಬಿಜ್ಜಳನು ಜೈನನಾಗಿದ್ದನೇ ಎಂಬುದರಲ್ಲಿಯೇ ವಿದ್ವಾಂಸರಿಗೆ ಒಮ್ಮತವಿಲ್ಲದಿರುವಾಗ, ಆತನ ಪರವಾಗಿ ನಮ್ಮಲ್ಲಿ ಕೆಲವರು ಇಂದಿಗೂ ಸಭೆಗಳಲ್ಲಿ ಸಿಟ್ಟಾಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ವೈರವನ್ನು ಬಿಡದಿರುವುದು ಕೃಷ್ಣಲೇಶ್ಯೆಯ ಲಕ್ಷಣಗಳಲ್ಲಿ ಒಂದೆಂದೂ ಪಕ್ಷಪಾತವಿಲ್ಲದಿರುವುದು ಶುಕ್ಲಲೇಶ್ಯೆಯ ಲಕ್ಷಣವೆಂದೂ ಅದೇ ಜೀವಕಾಂಡ ಹೇಳಿದೆ. ಬಸವಕಲ್ಯಾಣದ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ೧೦-೧೧ನೆಯ ಶತಮಾನಗಳ ಜಿನಬಿಂಬಗಳಿವೆ. ಅತ್ತ ಕಡೆ ಹೋಗುವ ಬಂಧುಗಳು ಅವುಗಳನ್ನು ನೋಡಿಕೊಂಡು, ಅದೇ ಊರಿನ ಶರಣರ ಸ್ಥಳಗಳನ್ನೂ ಸಂದರ್ಶಿಸಿ ಬರಬೇಕೆಂದು ವಿನಂತಿ.